ಪ್ರಿಂಟ್ ಕಪ್ಪಾಗಿ ಬರುತ್ತಿದೆಯೇ? ಮೊದಲು ಮಾನಿಟರ್ ಬೆಳಕು ತಗ್ಗಿಸಿ

ಪ್ರಶ್ನೆ: ಮಾನಿಟರ್‌ನಲ್ಲಿ ಕಳೆಕಳೆಯಾಗಿ ಕಾಣುವ ಮದುವೆ ಫೋಟೋಗಳು ಲ್ಯಾಬಿನಿಂದ ಬಂದಾಗ ಮಂಕಾಗಿರುತ್ತವೆ. ಮದುಮಗಳ ಮೆರೂನ್ ಸೀರೆಯ ನೆರಿಗೆಗಳೇ ಕಾಣುವುದಿಲ್ಲ. ಫೈಲೇ ಡಾರ್ಕ್ ಇದೆ ಅನ್ನುತ್ತಾರೆ ಲ್ಯಾಬಿನವರು. ನಿಜವೇ?

ಉತ್ತರ: ಬಹುತೇಕ ನಿಜ. ಹೊಸ ಮಾನಿಟರ್ ಸಾಮಾನ್ಯವಾಗಿ 250ರಿಂದ 350 ನಿಟ್ಸ್ (ಮೇಲ್ಮೈ ಎಷ್ಟು ಬೆಳಗುತ್ತದೆ ಎಂಬುದರ ಅಳತೆ) ಬೆಳಕು ಚೆಲ್ಲುತ್ತದೆ. ಕಾಗದಕ್ಕೆ ಸ್ವಂತ ಬೆಳಕಿಲ್ಲ, ಕೋಣೆಯ ದೀಪ ಕೊಟ್ಟದ್ದರಲ್ಲೇ ಅದು ಬೆಳಗಬೇಕು. ಲೆಕ್ಕ ಸುಲಭ: ಕಾಗದದ ಮೇಲೆ ಬಿದ್ದ ಬೆಳಕಿನ ಅಳತೆಯಾದ ಲಕ್ಸ್ ಅನ್ನು 0.9ರಿಂದ (ಬಿಳಿ ಕಾಗದ ಮರಳಿಸುವ ಪಾಲು) ಗುಣಿಸಿ 3.14ರಿಂದ ಭಾಗಿಸಿ. 350 ಲಕ್ಸ್ ಬೆಳಕಿನಲ್ಲಿ ಬಿಳಿ ಕಾಗದ ಸುಮಾರು 100 ನಿಟ್ಸ್ ಅಷ್ಟೇ. ಫೋನಿನ ಲಕ್ಸ್ ಮೀಟರ್ ಆ್ಯಪ್ ಅಂದಾಜಿಗೆ ಸಾಕು. 300 ನಿಟ್ಸ್ ಪರದೆಯೆದುರು ಕೂತವರಿಗೆ ಚಿತ್ರ ಹೆಚ್ಚು ಬೆಳಕಾಗಿ ಕಂಡು, ಎಕ್ಸ್‌ಪೋಷರ್ ಇಳಿಸಿಬಿಡುತ್ತಾರೆ. ಆ ಕತ್ತಲೆ ಫೈಲಿನಲ್ಲೇ ಉಳಿಯುತ್ತದೆ.

ಮಾನಿಟರ್ ಆನ್ ಮಾಡಿ ಅರ್ಧ ಗಂಟೆ ಬಿಡಿ. ಡೈನಾಮಿಕ್ ಕಾಂಟ್ರಾಸ್ಟ್, ಇಕೋ ಮೋಡ್, ನೈಟ್ ಲೈಟ್ ಎಲ್ಲ ಆಫ್ ಆಗಿರಲಿ. ಪರದೆಯ ಬೆಳಕು, ಬಣ್ಣ ಅಳೆಯುವ ಸ್ಪೈಡರ್ ಅಥವಾ ಕ್ಯಾಲಿಬ್ರೈಟ್ ಉಪಕರಣವನ್ನು ಪರದೆಗೆ ಒರಗಿಸಿ 100 ನಿಟ್ಸ್, ಗಾಮಾ (ನಡುಛಾಯೆಗಳ ಬೆಳಕು) 2.2, ವೈಟ್ ಪಾಯಿಂಟ್ (ಬಿಳಿಯ ಛಾಯೆ) ಡಿ65, ಅಂದರೆ ಸುಮಾರು 6500 ಕೆಲ್ವಿನ್ ಎಂದು ಗುರಿ ಕೊಡಿ. ಬ್ರೈಟ್‌ನೆಸ್ ಅನ್ನು ಮಾನಿಟರ್‌ನ ಬಟನ್‌ನಿಂದಲೇ ಇಳಿಸಬೇಕು. ಗ್ರಾಫಿಕ್ಸ್ ಕಾರ್ಡ್ ಸೆಟ್ಟಿಂಗ್‌ನಿಂದ ಇಳಿಸಿದರೆ ಬ್ಯಾಕ್‌ಲೈಟ್ ಹಾಗೇ ಉರಿಯುತ್ತಿರುತ್ತದೆ, ಛಾಯೆಗಳು ಮಾತ್ರ ಕಡಿಮೆಯಾಗಿ ಆಕಾಶದಲ್ಲಿ ಪಟ್ಟೆ ಮೂಡುತ್ತದೆ.

ಆಮೇಲೆ ಒಂದೇ ಒಂದು ಫೋಟೋವನ್ನು ‘ಕರೆಕ್ಷನ್ ಬೇಡ’ ಎಂದು ಹೇಳಿ ಪ್ರಿಂಟ್ ಹಾಕಿಸಿ. ಈ ಮಾತು ಮರೆತರೆ ಲ್ಯಾಬಿನ ಆಪರೇಟರ್ ತಿದ್ದಿದ್ದು ಯಾವುದು, ನಿಮ್ಮ ಫೈಲ್ ಯಾವುದು ಗೊತ್ತಾಗದು. 5000 ಕೆಲ್ವಿನ್, ಸಿಆರ್‌ಐ (ದೀಪ ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಅಂಕ) 90ಕ್ಕೂ ಹೆಚ್ಚಿನ ದೀಪದಡಿ ಹೋಲಿಸಿ. ಪರದೆಯೇ ಇನ್ನೂ ಬೆಳಕಾಗಿದ್ದರೆ 90, 80 ನಿಟ್ಸ್‌ಗೆ ಇಳಿಸಿ. ಕಾಗದ ಹಳದಿಯಾಗಿ ಕಂಡರೆ ವೈಟ್ ಪಾಯಿಂಟನ್ನು 5800 ಕೆಲ್ವಿನ್‌ಗೆ ತಂದು ನೋಡಿ. ಮೊದಲೆರಡು ದಿನ ಪರದೆ ಮಂಕೆನಿಸುತ್ತದೆ, ಏರಿಸಲು ಹೋಗಬೇಡಿ. ಕಣ್ಣು ಹೊಂದಿಕೊಳ್ಳುತ್ತದೆ.

ಸೀರೆಯ ನೆರಿಗೆ ಬೇರೆ ವಿಷಯ. ಪರದೆಯ ಕಾಂಟ್ರಾಸ್ಟ್ 1000:1 ಇದ್ದರೆ, ಕಾಗದದ್ದು ಸುಮಾರು 200:1. ಹಾಗಾಗಿ ಕಡುಬಣ್ಣದ ಸೂಕ್ಷ್ಮ ಛಾಯೆಗಳು ಕಾಗದದಲ್ಲಿ ಒಂದಾಗಿಬಿಡುತ್ತವೆ. ಲ್ಯಾಬಿನಿಂದ ಐಸಿಸಿ ಪ್ರೊಫೈಲ್ (ಅವರ ಪ್ರಿಂಟರ್, ಕಾಗದದ ಬಣ್ಣದ ವಿವರವಿರುವ ಫೈಲ್) ಪಡೆದು, ಪ್ರಿಂಟ್ ಹೇಗೆ ಬರುತ್ತದೆಂದು ಪರದೆಯಲ್ಲೇ ತೋರಿಸುವ ಸಾಫ್ಟ್ ಪ್ರೂಫ್‌ನಲ್ಲಿ ನೋಡಿಕೊಂಡು, ನೆರಳಿನ ಭಾಗವನ್ನಷ್ಟೇ ತುಸು ಎತ್ತಿ.

ಪ್ರಶ್ನೆ: ಉಪಕರಣ ಕೊಳ್ಳದೆ ಆಗುವುದಿಲ್ಲವೇ?

ಉತ್ತರ: ಬೆಳಕಿನ ಮಟ್ಟಿಗೆ ಆಗುತ್ತದೆ, ಬಣ್ಣಕ್ಕೆ ಆಗದು. ಪ್ರಿಂಟ್ ನೋಡುವ ದೀಪದಡಿ, ಅದೇ ಫೋಟೋ ಪೇಪರಿನ ಖಾಲಿ ಹಾಳೆಯನ್ನು ಪರದೆಯ ಪಕ್ಕ ಹಿಡಿಯಿರಿ. ಪರದೆಯಲ್ಲಿ ಅಚ್ಚ ಬಿಳಿ ಪುಟ ತೆರೆದು, ಎರಡೂ ಒಂದೇ ಬೆಳಕಾಗಿ ಕಾಣುವವರೆಗೆ ಬ್ರೈಟ್‌ನೆಸ್ ಇಳಿಸಿ.