ಓದುಗರ ಪ್ರಶ್ನೆ: ಊರಿನ ಹೊಳೆಯ ಮೀನು ‘ಫಾರಿನ್’ ಆದದ್ದು ಹೇಗೆ?

ಪ್ರಶ್ನೆ: ಬೆಂಗಳೂರಿನ ಅಕ್ವೇರಿಯಂ ಅಂಗಡಿಯಲ್ಲಿ ಒಂದು ಮೀನು ನೋಡಿದೆ. ಬೆಳ್ಳಿ ಮೈ, ಮೂಗಿನಿಂದ ಹೊರಟ ಕೆಂಪು ಗೆರೆ. ‘ಡೆನಿಸನ್ ಬಾರ್ಬ್, ಇಂಡೋನೇಷ್ಯಾದ ಮಾಲು’ ಎಂದರು ಅಂಗಡಿಯವರು. ನಮ್ಮ ಊರು ಸುಳ್ಯದ ಹತ್ತಿರ. ಚಿಕ್ಕವನಿದ್ದಾಗ ಪಯಸ್ವಿನಿಯಲ್ಲಿ ಇದನ್ನೇ ನೋಡಿದ ನೆನಪು. ಸುಮ್ನೆ ಭ್ರಮೆಯಾ?
– ಸುಳ್ಯ ಮೂಲದ ಓದುಗರು, ಬೆಂಗಳೂರು

ಭ್ರಮೆ ಅಲ್ಲ ಮಾರಾಯ್ರೆ. ಅಂಗಡಿಯವರೂ ಸುಳ್ಳು ಹೇಳಿಲ್ಲದೆ ಇರಬಹುದು. ಈ ಮೀನಿನ ತವರು ಪಶ್ಚಿಮ ಘಟ್ಟದ ಹೊಳೆಗಳು. ಕೇರಳದ ಚಾಲಿಯಾರ್, ವಳಪಟ್ಟಣಂ ಹೊಳೆಗಳಲ್ಲಿದೆ, ಚಂದ್ರಗಿರಿಯಲ್ಲಿದೆ. ಚಂದ್ರಗಿರಿ ಅಂದರೆ ನಿಮ್ಮ ಪಯಸ್ವಿನಿಯೇ ಅಲ್ವಾ? ಕೊಡಗಿನ ಕಾಡಲ್ಲಿ ಹುಟ್ಟಿ, ಸುಳ್ಯ ದಾಟಿ ಕಾಸರಗೋಡಿಗೆ ಹೋಗಿ ಸಮುದ್ರ ಸೇರುವ ಹೊಳೆ. ಇಂಡೋನೇಷ್ಯಾದಲ್ಲಿ ಈಗ ಇದನ್ನು ತೊಟ್ಟಿಗಳಲ್ಲಿ ಮರಿ ಮಾಡಿಸಿ ಮಾರುತ್ತಾರೆ. ಹಾಗಾಗಿ ನಮ್ಮ ಹೊಳೆಯದ್ದೇ ಸಂತತಿ ವಿಮಾನ ಹತ್ತಿ ಬಂದು ಬೆಂಗಳೂರಲ್ಲಿ ‘ಫಾರಿನ್’ ಆಗಿಬಿಡುತ್ತದೆ.

ನಿಮ್ಮ ನೆನಪು ನಿಜವೋ ಅಂತ ಹೀಗೆ ಪರೀಕ್ಷೆ ಮಾಡಿ. ಕೆಂಪು ಗೆರೆ ಮೂಗಿನಿಂದ ಹೊರಟು, ಕಣ್ಣು ದಾಟಿ, ಹೆಚ್ಚುಕಡಿಮೆ ಅರ್ಧ ಮೈಗೆ ನಿಲ್ಲುತ್ತದೆ. ಅದರ ಕೆಳಗೆ ಕಪ್ಪು ಗೆರೆ, ಅದು ಮಾತ್ರ ಬಾಲದವರೆಗೂ ಹೋಗುತ್ತದೆ. ಬೆನ್ನಿನ ರೆಕ್ಕೆಯಲ್ಲಿ ಕೆಂಪು, ಕವಲು ಬಾಲದ ಎರಡೂ ತುದಿಗೆ ಕಪ್ಪು–ಹಳದಿ. ಬಾಲದ ಹತ್ತಿರ ಬರೀ ಒಂದು ಕಪ್ಪು ಬೊಟ್ಟು ಇದ್ದರೆ ಅದು ಬೇರೆ ಮೀನು, ಅದು ಈ ಹೊಳೆಗಳಲ್ಲಿ ಜಾಸ್ತಿ. ಕಣ್ಣಿನ ಮೇಲೆ ಹಾಯುವ ಆ ಗೆರೆ ನೋಡಿಯೇ ಮಲಯಾಳಿಗಳು ಇದನ್ನು ಚೋರಕ್ಕಣ್ಣಿ ಅನ್ನುವುದು, ಚೋರ ಅಂದರೆ ನೆತ್ತರು. ಆಮೇಲೆ ವ್ಯಾಪಾರಕ್ಕೆ ‘ಮಿಸ್ ಕೇರಳ’ ಅಂತ ಹೆಸರು ಬಂತು. ಡೆನಿಸನ್ ಎಂಬ ಹೆಸರು ಇದೆರಡಕ್ಕಿಂತ ವಿಚಿತ್ರ. 1865ರಲ್ಲಿ ಫ್ರಾನ್ಸಿಸ್ ಡೇ ಎಂಬ ಬ್ರಿಟಿಷ್ ಡಾಕ್ಟರು ಇದನ್ನು ಮೊದಲು ವಿವರಿಸಿದಾಗ ಮದರಾಸಿಗೆ ವಿಲಿಯಂ ಡೆನಿಸನ್ ಗವರ್ನರ್ ಆಗಿದ್ದ, ಅವನ ಹೆಸರನ್ನು ಮೀನಿಗೆ ಅಂಟಿಸಿದರು. 2013ರಲ್ಲಿ ವಿಜ್ಞಾನಿಗಳು ಇದಕ್ಕೂ ಇದರ ಒಬ್ಬ ದಾಯಾದಿಗೂ ಹೊಸ ಕುಲ ಮಾಡಿ ‘ಸಹ್ಯಾದ್ರಿಯ’ ಎಂದು ಕರೆದರು. ಅದು ನನಗೆ ಇಷ್ಟವಾಯಿತು.

ಪ್ರಶ್ನೆ: ಈ ಮೀನು ಅಳಿವಿನಂಚಿನಲ್ಲಿದೆ ಎಂದು ಓದಿದೆ. ಮಳೆಗಾಲದಲ್ಲಿ ಹಿಡಿಯುವುದನ್ನು ನಿಲ್ಲಿಸಿದರೆ ಸಾಕಲ್ಲ? ಮೀನು ಮೊಟ್ಟೆ ಇಡುವುದು ಆಗಲೇ ಅಲ್ಲವೇ?
– ತೀರ್ಥಹಳ್ಳಿಯ ಓದುಗರು

ನೀವು ಹತ್ತುಮೀನಿನ ಊರಿನವರು, ಹಾಗೆ ಅನ್ನಿಸುವುದು ಸಹಜ. ಮೊದಲ ಮಳೆಗೆ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಮೊಟ್ಟೆ ತುಂಬಿಕೊಂಡು ಹತ್ತುವ ಮೀನನ್ನು ಕಣ್ಣಾರೆ ನೋಡಿ ಬೆಳೆದವರಿಗೆ ಎಲ್ಲ ಮೀನಿಗೂ ಅದೇ ಕಾಲ ಅನ್ನಿಸುತ್ತದೆ. ಕೇರಳ ಸರ್ಕಾರ ಕೂಡ ಸುಮಾರಾಗಿ ಅದೇ ಲೆಕ್ಕ ಹಾಕಿರಬೇಕು. 2008ರಲ್ಲಿ ಈ ಮೀನು ಹಿಡಿಯುವುದಕ್ಕೆ ಕಟ್ಟಳೆ ಮಾಡಿದಾಗ ಜೂನ್, ಜುಲೈ, ಅಕ್ಟೋಬರ್ ತಿಂಗಳು ಹಿಡಿಯಬಾರದು ಎಂದಿತು. ಆಮೇಲೆ ಸಂಶೋಧಕರು ಮೀನಿನ ಹೊಟ್ಟೆ ಸೀಳಿ ಮೊಟ್ಟೆ ಯಾವಾಗ ಬಲಿಯುತ್ತದೆ ಅಂತ ನೋಡಿದರೆ ಕಥೆಯೇ ಬೇರೆ. ಇದು ಮೊಟ್ಟೆ ಇಡುವುದು ಮಳೆ ಹಿಂದೆ ಸರಿದ ಮೇಲೆ, ಹೆಚ್ಚುಕಡಿಮೆ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ. ಅಂದರೆ ಅಕ್ಟೋಬರ್ ಒಂದನ್ನು ಬಿಟ್ಟರೆ, ಹೊಳೆ ಕೆಂಪಾಗಿ ಉಕ್ಕುವಾಗ, ಹೇಗೂ ಯಾರೂ ಇಳಿಯದ ಕಾಲದಲ್ಲಿ ನಿಷೇಧ. ನೀರು ತಿಳಿಯಾಗಿ, ಮೀನು ಕಣ್ಣಿಗೆ ಕಾಣುವ, ಮೊಟ್ಟೆಯೂ ಇರುವ ಕಾಲದಲ್ಲಿ ಆ ಕಟ್ಟಳೆ ಬಾಗಿಲು ತೆರೆದಿಟ್ಟಿತ್ತು.

ಹಿಡಿದದ್ದೂ ಸ್ವಲ್ಪವಲ್ಲ. 2005ರಿಂದ 2012ರವರೆಗೆ ಭಾರತದಿಂದ ಹೊರದೇಶಕ್ಕೆ ಹೋದ ಅಪಾಯದಲ್ಲಿರುವ ಸಿಹಿನೀರಿನ ಅಲಂಕಾರಿಕ ಮೀನುಗಳು 15 ಲಕ್ಷಕ್ಕೂ ಜಾಸ್ತಿ ಅಂತ ಒಂದು ಅಧ್ಯಯನ ಲೆಕ್ಕ ಕೊಟ್ಟಿದೆ. ಅದರಲ್ಲಿ ಈ ಮೀನು ಮತ್ತು ಚಾಲಕ್ಕುಡಿ ಹೊಳೆಯ ಅದರ ದಾಯಾದಿ, ಇವೆರಡರದ್ದೇ 3 ಲಕ್ಷ ದಾಟಿತ್ತು. ಇದು ಗುಂಪಲ್ಲಿ ಓಡಾಡುವ ಮೀನು ನೋಡಿ, ಒಂದು ಬಲೆ ಸರಿಯಾಗಿ ಬಿದ್ದರೆ ಒಂದು ಗುಂಡಿಯ ಸಂಸಾರವೇ ಖಾಲಿ.

ಆದರೆ ಬಲೆಯವರನ್ನು ಮಾತ್ರ ಬೈದರೆ ಅನ್ಯಾಯ. ಅದೇ ತಿಂಗಳುಗಳಲ್ಲಿ ನಾವೆಲ್ಲ ಹೊಳೆಗೆ ಏನು ಮಾಡುತ್ತೇವೆ ಎಣಿಸಿ. ನವೆಂಬರ್, ಡಿಸೆಂಬರಲ್ಲಿ ಕಿಂಡಿ ಅಣೆಕಟ್ಟಿಗೆ ಹಲಗೆ ಬೀಳುತ್ತದೆ. ಆಮೇಲೆ ತೋಟದ ಪಂಪುಗಳು ಶುರು. ಫೆಬ್ರವರಿ ಹೊತ್ತಿಗೆ ಹರಿಯುವ ಹೊಳೆ ಹೋಗಿ ಅಲ್ಲಲ್ಲಿ ಗುಂಡಿಗಳು ಉಳಿಯುತ್ತವೆ. ಈ ಮೀನಿಗೆ ಬೇಕಾದದ್ದು ಕಲ್ಲುಗಳ ನಡುವೆ ಹರಿಯುವ ತಂಪು ನೀರು, ದಡದ ಗಿಡಗಂಟಿಯ ನೆರಳು. ಸಿಗುವುದು ಗುಂಡಿ. ಆ ಗುಂಡಿಗೆ ಯಾರೋ ಒಬ್ಬ ತೋಟೆ (ಸಿಡಿಮದ್ದು) ಎಸೆದರೆ, ಇಲ್ಲವೇ ಬ್ಲೀಚಿಂಗ್ ಪೌಡರ್ ಸುರಿದರೆ ಮುಗಿಯಿತು. ಸಾರಿಗೆ ಬೇಕಾದ ನಾಲ್ಕು ದೊಡ್ಡ ಮೀನು ಆರಿಸಿಕೊಂಡು, ಬೆರಳುದ್ದದ್ದನ್ನೆಲ್ಲ ಅಲ್ಲೇ ಬಿಟ್ಟು ಹೋಗುತ್ತಾರೆ. 1897ರ ಮೀನುಗಾರಿಕೆ ಕಾಯಿದೆಯಲ್ಲೇ ತೋಟೆ, ವಿಷ ಎರಡೂ ಅಪರಾಧ. ದಕ್ಷಿಣ ಕನ್ನಡದ ಶಿಶಿಲದಲ್ಲಿ ಕಪಿಲಾ ಹೊಳೆಯ ಮೀನನ್ನು ದೇವರ ಮೀನು ಎಂದು ಅಕ್ಕಿ ಹಾಕಿ ಸಾಕುತ್ತಾರಲ್ಲ, ಅಲ್ಲಿಗೇ 1996ರಲ್ಲಿ ವಿಷ ಬಿದ್ದು ಸಾವಿರಾರು ಮೀನು ಸತ್ತಿದ್ದವು. ದೇವರ ಭಯವೂ ಇಲ್ಲದವನಿಗೆ ಕಾಯಿದೆಯ ಪುಸ್ತಕ ಯಾವ ಲೆಕ್ಕ.

ಪ್ರಶ್ನೆ: ನಾವು ಅಡಿಕೆ ಕೃಷಿಕರು. ಮೀನು ಹಿಡಿಯುವುದಿಲ್ಲ, ತಿನ್ನುವುದೂ ಇಲ್ಲ. ನಮ್ಮಿಂದ ಹೊಳೆಗೆ ಏನು ತೊಂದರೆ?
– ಪುತ್ತೂರಿನ ಓದುಗರು

ಡ್ರಮ್ ಎಲ್ಲಿ ತೊಳೆಯುತ್ತೀರಿ?

ಇದನ್ನು ಚುಚ್ಚಲು ಕೇಳಿದ್ದಲ್ಲ. ನಮ್ಮ ಮನೆಯಲ್ಲೂ ಅಡಿಕೆಗೆ ಬೋರ್ಡೋ (ಮೈಲುತುತ್ತು–ಸುಣ್ಣದ ದ್ರಾವಣ) ಹೊಡೆದಾದ ಮೇಲೆ ನೀಲಿ ಡ್ರಮ್, ಪೈಪು, ಬಕೆಟು ಎಲ್ಲ ತೋಡಿಗೆ ಹೊತ್ತುಕೊಂಡು ಹೋಗಿ ತೊಳೆಯುವುದೇ ಅಭ್ಯಾಸವಾಗಿತ್ತು. ತೋಡಿನ ನೀರು ಒಂದು ಗಳಿಗೆ ತಿಳಿ ನೀಲಿ ಆಗುತ್ತಿತ್ತು, ಮಕ್ಕಳಾದ ನಮಗೆ ಅದು ಚೆಂದ. ಒಂದು ಸಲ ಮಳೆ ನಡುವೆ ಬಿಟ್ಟು ನೀರು ಕಡಿಮೆ ಇತ್ತು. ಸಂಜೆ ಹೋಗಿ ನೋಡಿದರೆ ಕಲ್ಲಿನ ಸಂದಿಯಲ್ಲಿ ಬೆರಳುದ್ದದ ಮೀನುಗಳು ಹೊಟ್ಟೆ ಮೇಲಾಗಿ ಸಾಲಾಗಿ ಸಿಕ್ಕಿಕೊಂಡಿದ್ದವು. ಅಪ್ಪ ಏನೂ ಹೇಳಲಿಲ್ಲ, ಮರುವರ್ಷದಿಂದ ಡ್ರಮ್ಮು ತೋಟದ ಮೂಲೆಯಲ್ಲೇ ತೊಳೆಯುವುದಾಯಿತು. ಕೊಳೆರೋಗಕ್ಕೆ ಮೈಲುತುತ್ತು ಬೇಕೇ ಬೇಕು, ನಿಲ್ಲಿಸಿ ಅಂತ ನಾನು ಹೇಳುವುದಿಲ್ಲ. ಆದರೆ ಅದರಲ್ಲಿರುವ ತಾಮ್ರ ನೀರಲ್ಲಿ ತುಂಬ ಕಡಿಮೆ ಇದ್ದರೂ ಮೀನಿನ ಕಿವಿರು ಕೆಡಿಸುತ್ತದೆ. ತೊಳೆದ ನೀರು ಮಣ್ಣಿಗೆ ಹೋಗಲಿ, ತೋಡಿಗೆ ಬೇಡ. ಹಾಗೆಯೇ ಹೊಳೆಬದಿಯ ಹೊಂಗೆ, ನೀರಂಜಿ ಮರಗಳನ್ನು ತೋಟಕ್ಕೆ ನೆರಳಾಯಿತು ಅಂತ ಕಡಿಯುವ ಮುಂಚೆ ಒಮ್ಮೆ ಯೋಚಿಸಿ. ಸಣ್ಣ ಮೀನಿಗೆ ಆ ಬೇರಿನ ಸಂದಿಯೇ ಮನೆ, ಮೇಲಿಂದ ಬೀಳುವ ಹುಳವೇ ಊಟ.

ಪ್ರಶ್ನೆ: ಅಕ್ವೇರಿಯಂನಲ್ಲಿ ಆರು ಮಿಸ್ ಕೇರಳ ಕೊಂಡು ಊರಿನ ಹೊಳೆಗೆ ಬಿಟ್ಟರೆ ಪುಣ್ಯ ಬರುತ್ತದಾ?
– ಮೈಸೂರಿನ ಓದುಗರು

ಬೇಡ. ದಯವಿಟ್ಟು ಬೇಡ. ತೊಟ್ಟಿಯ ಮೀನಿನ ಜೊತೆ ತೊಟ್ಟಿಯ ರೋಗವೂ ಹೊಳೆಗೆ ಇಳಿಯುತ್ತದೆ. ಇನ್ನೊಂದು ವಿಷಯ, ನೋಡಲು ಒಂದೇ ಥರ ಇದ್ದರೂ ಬೇರೆ ಬೇರೆ ಹೊಳೆಯ ಮೀನಿನ ವಂಶ ಬೇರೆ ಬೇರೆ ಅಂತ ಪರೀಕ್ಷೆಯಲ್ಲಿ ಗೊತ್ತಾಗಿದೆ. ಎಲ್ಲಿಯದ್ದೋ ತಂದು ಬೆರೆಸಿದರೆ ಆ ಹೊಳೆಗೆ ಒಗ್ಗಿದ ತಳಿ ಕೆಡಬಹುದು. ಸಾಕುವ ಆಸೆ ಇದ್ದರೂ ಸ್ವಲ್ಪ ತಡೆಯಿರಿ: ವನ್ಯಜೀವಿ ಕಾಯಿದೆಗೆ 2022ರಲ್ಲಿ ತಿದ್ದುಪಡಿ ಆಗಿ ಪಟ್ಟಿಗಳು ಬದಲಾಗಿವೆ, ಕೊಳ್ಳುವ ಮೊದಲು ಅರಣ್ಯ ಇಲಾಖೆಯಲ್ಲಿ ಕೇಳಿಕೊಳ್ಳಿ. ಮೇಲಾಗಿ ಇದು ಅರ್ಧ ಅಡಿಯ ಹತ್ತಿರ ಬೆಳೆಯುವ, ಬಾಣದ ಹಾಗೆ ಈಜುವ ಮೀನು. ಎರಡಡಿ ಪೆಟ್ಟಿಗೆಯಲ್ಲಿ ಇಡುವುದು ಓಟಗಾರನನ್ನು ಲಿಫ್ಟಿನಲ್ಲಿ ಕೂರಿಸಿದ ಹಾಗೆ.

ಪ್ರಶ್ನೆ: ಸೊಳ್ಳೆ ಜಾಸ್ತಿ ಅಂತ ನಮ್ಮ ತೋಟದ ಕೆರೆಗೆ ಗಂಬೂಸಿಯಾ ಬಿಡಬೇಕೆಂದಿದ್ದೇನೆ. ಒಳ್ಳೆಯದಾ?
– ಸಾಗರದ ಓದುಗರು

ಅಮೆರಿಕ ಮೂಲದ ಈ ಮೀನು 1928ರಲ್ಲಿ ಸೊಳ್ಳೆಯ ನೆಪದಲ್ಲೇ ಭಾರತಕ್ಕೆ ಬಂತು. ಸೊಳ್ಳೆಮರಿ ತಿನ್ನುತ್ತದೆ, ನಿಜ. ಬೇರೆ ಮೀನಿನ ಮೊಟ್ಟೆ, ಮರಿ, ಕಪ್ಪೆಯ ಗೊದಮೊಟ್ಟೆಯನ್ನೂ ಬಿಡುವುದಿಲ್ಲ. ಮಳೆಗಾಲದಲ್ಲಿ ನಿಮ್ಮ ಕೆರೆ ಕೋಡಿ ಬಿದ್ದರೆ ಅದು ನೇರ ಹಳ್ಳಕ್ಕೆ. ಅದರ ಬದಲು ಕೆರೆಯ ದಡದಲ್ಲಿ ಐದು ನಿಮಿಷ ಸುಮ್ಮನೆ ಕೂತು ನೀರಿನ ಮೇಲ್ಮೈ ನೋಡಿ. ತಲೆಯ ಮೇಲೆ ಬೆಳ್ಳಿ ಚುಕ್ಕೆ ಮಿನುಗುವ ಪುಟ್ಟ ಮೀನು ಮೇಲೆಯೇ ತೇಲುತ್ತಿದ್ದರೆ ನಿಮಗೆ ಬೇಕಾದ್ದು ಆಗಲೇ ಅಲ್ಲಿದೆ. ಮಲಯಾಳದಲ್ಲಿ ಮಾನತ್ತುಕಣ್ಣಿ, ಆಕಾಶ ನೋಡುವ ಕಣ್ಣಿನದು ಅಂತ. ಸೊಳ್ಳೆಮರಿ ಎಂದರೆ ಅದಕ್ಕೆ ಪ್ರಾಣ. ಕಾಣದಿದ್ದರೆ ನಿಮ್ಮದೇ ಹಳ್ಳದಿಂದ ಬೈರಾಸಿನಲ್ಲಿ (ಟವೆಲಿನಲ್ಲಿ) ನಾಲ್ಕು ಹಿಡಿದು ತಂದು ಬಿಡಿ.