ಕಂಟೆಂಡರ್ ಪಿಸ್ತೂಲಿಗೆ ಮೊದಲು ಯಾವ ಬ್ಯಾರಲ್ ತಗೊಳ್ಳಬೇಕು?

ನೀವು ಟೆಕ್ಸಾಸ್‌ನಲ್ಲಿದ್ದೀರಿ, ಥಾಂಪ್ಸನ್ ಸೆಂಟರ್ ಜಿ2 ಕಂಟೆಂಡರ್ ಫ್ರೇಮ್ (ಬ್ಯಾರಲ್ ಬದಲಿಸಬಹುದಾದ ಒಂಟಿ ಗುಂಡಿನ ಪಿಸ್ತೂಲಿನ ಹಿಡಿ, ಟ್ರಿಗರ್ ಇರುವ ಭಾಗ) ಸಿಕ್ಕಿದೆ. ಜಿಂಕೆ ಬೇಟೆಗೆ 10 ಇಂಚಿನ .44 ಮ್ಯಾಗ್ನಮ್ ಬ್ಯಾರಲ್ಲೋ, 14 ಇಂಚಿನ .30-30 ಬ್ಯಾರಲ್ಲೋ, ಇಲ್ಲಾ ಎರಡೂ ಬೇಕೋ ಅಂತ ಕೇಳಿದ್ದೀರಿ.

14 ಇಂಚಿನ .30-30 ತಗೊಳ್ಳಿ. ಎರಡನೆಯದಕ್ಕೆ ದುಡ್ಡಿದ್ದರೆ .44 ಬೇಡ, .22 ಎಲ್‌ಆರ್ ತಗೊಳ್ಳಿ.

.44 ಮ್ಯಾಗ್ನಮ್ ರಿವಾಲ್ವರಿಗೆ ಅಂತಲೇ ಮಾಡಿದ್ದು, 10 ಇಂಚು ಅದಕ್ಕೆ ಧಾರಾಳ. ಪೊದೆಗಳ ನಡುವೆ 75 ಗಜದೊಳಗೆ ಜಿಂಕೆ ಬರುವ ಜಾಗವಾದರೆ ಅದೂ ಒಳ್ಳೆಯದೇ. ಆದರೆ ದೂರ ಹೋದಷ್ಟೂ ಗುಂಡು ಬೇಗ ಕೆಳಗಿಳಿಯುತ್ತದೆ. .30-30 ರೈಫಲ್ ಕಾರ್ಟ್ರಿಜ್. ಅದನ್ನು 10 ಇಂಚಿನಲ್ಲಿ ಹೊಡೆದರೆ ಸಾಕಷ್ಟು ಮದ್ದು ಬ್ಯಾರಲ್ ಬಾಯಿಂದಾಚೆ ಉರಿಯುತ್ತದೆ. ಬೆಂಕಿ, ಸದ್ದು ಜಾಸ್ತಿ, ವೇಗ ಕಮ್ಮಿ. 14 ಇಂಚಿನಲ್ಲೂ ರೈಫಲ್ ವೇಗ ಸಿಗಲ್ಲ. 150 ಗ್ರೇನ್ ತೂಕದ ಗುಂಡಿನ ಡಬ್ಬದ ಮೇಲೆ ಸೆಕೆಂಡಿಗೆ 2,390 ಅಡಿ ಅಂತ ಬರೆದಿದ್ದರೆ ಅದು ಉದ್ದದ ರೈಫಲ್ ಬ್ಯಾರಲ್ಲಿನ ಲೆಕ್ಕ. ಹಾಗಾಗಿ ಕಡಿಮೆ ವೇಗದಲ್ಲೂ ಅರಳುವ ಗುಂಡು ಆರಿಸಿ. ಲಿವರ್ ರೈಫಲ್ಲಿನ ಕೊಳವೆ ಮ್ಯಾಗಜಿನ್‌ನಲ್ಲಿ ಒಂದರ ಮೂತಿ ಮುಂದಿನದರ ಪ್ರೈಮರಿಗೆ (ಹಿಂಬದಿಯ ಕಿಡಿ ಹೊತ್ತಿಸುವ ಭಾಗ) ತಾಗುತ್ತೆ ಅಂತ ಚಪ್ಪಟೆ ಮೂತಿಯ ಗುಂಡು ಹಾಕುತ್ತಾರೆ. ನಿಮ್ಮದು ಒಂಟಿ ಗುಂಡಿನ ಪಿಸ್ತೂಲು. ಕಾರ್ಟ್ರಿಜ್ ನೀವೇ ತಯಾರಿಸಿಕೊಳ್ಳುವವರಾದರೆ ಚೂಪು ಮೂತಿಯದನ್ನೂ ಬಳಸಬಹುದು.

.22 ಯಾಕೆ ಅಂದ್ರೆ, ಅದೇ ಹಿಡಿ, ಅದೇ ಟ್ರಿಗರ್, ಖರ್ಚು ತೀರಾ ಕಮ್ಮಿ. ವರ್ಷವಿಡೀ ಅಭ್ಯಾಸ ಮಾಡಬಹುದು. ಪಿಸ್ತೂಲಲ್ಲಿ ಜಿಂಕೆ ಹೊಡೆಯುವವರಿಗೆ ಈ ಅಭ್ಯಾಸ ಇರಲೇಬೇಕು. ಇಲ್ಲದಿದ್ದರೆ ಗಾಯಗೊಂಡ ಪ್ರಾಣಿ ಕಾಡಲ್ಲಿ ನರಳುತ್ತದೆ. ಜಿಂಕೆಗೆ ಮಾತ್ರ .22 ಬೇಡವೇ ಬೇಡ, ಟೆಕ್ಸಾಸ್‌ನಲ್ಲಿ ಜಿಂಕೆಗೆ ರಿಮ್‌ಫೈರ್ (ಅಂಚಿಗೆ ಪೆಟ್ಟು ಬಿದ್ದು ಸಿಡಿಯುವ ಕಾರ್ಟ್ರಿಜ್, .22 ಅಂಥದ್ದು) ನಿಷಿದ್ಧ.

ಬ್ಯಾರಲ್ ಬದಲಿಸುವುದು ಸುಲಭ. ಮೊದಲು ಪಿಸ್ತೂಲು ಖಾಲಿ ಇದೆಯಾ ನೋಡಿ. ಮುಂದಿನ ಮರದ ತುಂಡಿನ ಸ್ಕ್ರೂ ಬಿಚ್ಚಿ, ಹಿಂಜ್ ಪಿನ್ ಹೊರಗೆ ತಳ್ಳಿದರೆ ಬ್ಯಾರಲ್ ಕೈಗೆ ಬರುತ್ತದೆ. ಹೊಸದನ್ನು ಕೂರಿಸಿದ ಮೇಲೆ ಹ್ಯಾಮರ್ ಮೇಲಿನ ಸಣ್ಣ ಗುಂಡಿಯನ್ನು ರಿಮ್‌ಫೈರ್ ಅಥವಾ ಸೆಂಟರ್‌ಫೈರ್ (ನಡುವಿನ ಪ್ರೈಮರಿಗೆ ಪೆಟ್ಟು ಬೀಳುವ ಬಗೆ, .30-30 ಅಂಥದ್ದು) ಕಡೆ ತಿರುಗಿಸಲು ಮರೆಯಬೇಡಿ. ಸ್ಕೋಪ್ ಕೂರುವುದು ಬ್ಯಾರಲ್ ಮೇಲೆಯೇ, ಫ್ರೇಮ್ ಮೇಲಲ್ಲ. ಅದಕ್ಕೇ ಒಂದೊಂದು ಬ್ಯಾರಲ್ಲಿಗೂ ಒಂದೊಂದು ಸ್ಕೋಪ್ ಕೂರಿಸಿಟ್ಟರೆ ಪ್ರತಿ ಸಲ ಗುರಿ ಮೊದಲಿಂದ ಹೊಂದಿಸುವ ಕಾಟ ಇರಲ್ಲ. ಕೈಚಾಚಿ ನೋಡುವ ಪಿಸ್ತೂಲ್ ಸ್ಕೋಪೇ ಬೇಕು, ರೈಫಲ್ಲಿನದು ಆಗಲ್ಲ. ಬಜೆಟ್ ಹಾಕುವಾಗ ಸ್ಕೋಪಿನ ಬೆಲೆಯನ್ನೂ ಸೇರಿಸಿಕೊಳ್ಳಿ.

.308 ಆಸೆ ಇದ್ದರೆ ಅದಕ್ಕೆ ಎನ್ಕೋರ್ ಅನ್ನೋ ಬೇರೆ, ಗಟ್ಟಿ ಫ್ರೇಮ್ ಇದೆ. ಅದರ ಬ್ಯಾರಲ್ ಇದಕ್ಕೆ ಕೂರಲ್ಲ. ಹಳೆ ಕಂಟೆಂಡರ್‌ನ ಪಿಸ್ತೂಲ್ ಬ್ಯಾರಲ್‌ಗಳು ಜಿ2ಗೆ ಹೊಂದುತ್ತವೆ, ಸೆಕೆಂಡ್ ಹ್ಯಾಂಡ್ ಹುಡುಕಬಹುದು. ಆದರೆ 16 ಇಂಚಿಗಿಂತ ಚಿಕ್ಕ ಬ್ಯಾರಲ್ ಇರುವಾಗ ಭುಜಕ್ಕೊತ್ತುವ ಸ್ಟಾಕ್ ಮಾತ್ರ ಸುಮ್ನೆ ನೋಡೋಣ ಅಂತಲೂ ಜೋಡಿಸಬೇಡಿ. 1934ರ ಫೆಡರಲ್ ಕಾಯ್ದೆ ಪ್ರಕಾರ ಅದು ಮೊದಲೇ ನೋಂದಣಿ ಆಗಬೇಕಾದ ಆಯುಧ.