ದವಡೆಗೆ ಕತ್ತರಿ ಬೀಳುವ ಮುನ್ನ ಇಷ್ಟೆಲ್ಲ ಸ್ಕ್ಯಾನ್ ಏಕೆ?

ಪ್ರಶ್ನೆ: ನಮ್ಮ ತಂದೆಗೆ 58 ವರ್ಷ, ಗುಟ್ಕಾ ಚಟವಿತ್ತು. ಕೆಳವಸಡಿನ ಹುಣ್ಣು ಕ್ಯಾನ್ಸರ್ ಎಂದು ಬಯಾಪ್ಸಿಯಲ್ಲಿ ಗೊತ್ತಾಗಿದೆ. ಹಲ್ಲಿನ ಡಾಕ್ಟರು ತೆಗೆಸಿದ ಓಪಿಜಿ (ಇಡೀ ದವಡೆ ಒಂದೇ ಚಿತ್ರದಲ್ಲಿ ಬರುವ) ಎಕ್ಸ್‌ರೇಯಲ್ಲಿ ಮೂಳೆ ಚೆನ್ನಾಗಿಯೇ ಇದೆ. ಆದರೂ ಸಿಟಿ ಮಾಡಿಸಬೇಕೆ?
– ಓದುಗರೊಬ್ಬರು, ಹಾವೇರಿ

ಉತ್ತರ: ಮಾಡಿಸಲೇಬೇಕು. ಮೂಳೆಯ ಸುಣ್ಣದಂಶ ಶೇ 30ರಷ್ಟಾದರೂ ಕರಗುವ ತನಕ ಎಕ್ಸ್‌ರೇಯಲ್ಲಿ ಏನೂ ಕಾಣುವುದಿಲ್ಲ. ಮುಂಭಾಗದ ಹಲ್ಲುಗಳ ಜಾಗದಲ್ಲಂತೂ ಕತ್ತಿನ ಮೂಳೆಯ ನೆರಳು ಬಿದ್ದು ಚಿತ್ರವೇ ಮಸುಕಾಗಿರುತ್ತದೆ.

ಸರ್ಜನ್‌ಗೆ ಬೇಕಿರುವ ಉತ್ತರ ಒಂದೇ: ದವಡೆಯ ಕೆಳಅಂಚು ಉಳಿಯುತ್ತದೋ ಇಲ್ಲವೋ? ಗಡ್ಡೆ ಮೂಳೆಗೆ ತಾಗಿಕೊಂಡಿದ್ದರೆ ಅಥವಾ ಮೇಲ್ಪದರವನ್ನಷ್ಟೇ ಕೆರೆದಿದ್ದರೆ, ಮೇಲಿನ ಭಾಗ ತೆಗೆದು ಕೆಳಗೆ ಕನಿಷ್ಠ 1 ಸೆಂ.ಮೀ. ಎತ್ತರದ ಮೂಳೆ ಬಿಡುತ್ತಾರೆ. ಮುಖದ ಆಕಾರ ಕೆಡುವುದಿಲ್ಲ. ಮೂಳೆಯೊಳಗಿನ ಮೆದು ಭಾಗವಾದ ಮಜ್ಜೆಗೆ ಇಳಿದಿದ್ದರೆ ಆ ತುಂಡನ್ನೇ ತೆಗೆಯಬೇಕು. ಹಲ್ಲೆಲ್ಲ ಉದುರಿ ವರ್ಷಗಳಾದವರ ದವಡೆ ಸವೆದು ಸಣ್ಣಗಾಗಿರುತ್ತದೆ. ಅಂಥವರಲ್ಲಿ ಮೇಲಿನ ಭಾಗ ತೆಗೆದರೆ ಉಳಿಯುವುದು ಕಡ್ಡಿಯಷ್ಟೇ, ಆಮೇಲೆ ಊಟ ಮಾಡುವಾಗ ಮುರಿದೀತು. ಈ ಎತ್ತರವನ್ನು ಸಿಟಿಯಲ್ಲಿ ಅಳೆಯಬಹುದು.

ಸ್ಕ್ಯಾನ್ ವೇಳೆ ತುಟಿ ಮುಚ್ಚಿ ಕೆನ್ನೆ ಉಬ್ಬಿಸಲು ಹೇಳುತ್ತಾರೆ. ತಮಾಷೆ ಎನಿಸಬಹುದು. ಸುಮ್ಮನಿದ್ದಾಗ ಕೆನ್ನೆಯ ಒಳಪದರವೂ ವಸಡೂ ಒಂದಕ್ಕೊಂದು ಅಂಟಿಕೊಂಡು, ಗಡ್ಡೆ ಯಾವುದರದ್ದೆಂದು ತಿಳಿಯುವುದಿಲ್ಲ. ನಡುವೆ ಗಾಳಿ ತುಂಬಿದರೆ ಎರಡೂ ಬೇರೆಯಾಗಿ ಕಾಣುತ್ತವೆ. ಗುಟ್ಕಾದಿಂದ ಕೆನ್ನೆ ಬಿಗಿದವರಿಗೆ ಉಬ್ಬಿಸಲಾಗದು, ಆಗ ನಡುವೆ ಗಾಜ್ ಬಟ್ಟೆಯ ಸುರುಳಿ ಇಡಬಹುದು. ಚಿತ್ರ ಸ್ಪಷ್ಟವಾಗಲೆಂದು ಕೊಡುವ ಕಾಂಟ್ರಾಸ್ಟ್ ಇಂಜೆಕ್ಷನ್‌ಗೆ ಮುಂಚೆ ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸಿ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗುತ್ತಿದ್ದರೆ ಮೊದಲೇ ಹೇಳಿ.

ಪ್ರಶ್ನೆ: ಸಿಟಿ ಆಯಿತು, ಈಗ ಎಂಆರ್‌ಐ ಬೇಕಂತೆ. ದುಡ್ಡು ಕೀಳುವ ದಾರಿಯೇ?
– ಓದುಗರೊಬ್ಬರು, ತುಮಕೂರು

ಉತ್ತರ: ಎಲ್ಲರಿಗೂ ಬೇಕಿಲ್ಲ. ಮಜ್ಜೆಯೊಳಗೆ, ದವಡೆಯ ನರದ ಜಾಡಿನಲ್ಲಿ ಗಡ್ಡೆ ಎಷ್ಟು ದೂರ ಹೋಗಿದೆ, ಬಾಯಿ ತೆರೆಯದವರಲ್ಲಿ ಅಗಿಯುವ ಸ್ನಾಯುಗಳಿಗೆ ಹಬ್ಬಿದೆಯೇ ಎಂಬುದನ್ನು ಎಂಆರ್‌ಐ ಚೆನ್ನಾಗಿ ತೋರಿಸುತ್ತದೆ. ಸಿಟಿಯಲ್ಲಿ ಅನುಮಾನ ಉಳಿದಿದ್ದರೆ ಕೇಳುವುದು ನ್ಯಾಯವೇ.

ಆದರೆ ಎಂಆರ್‌ಐ ಹೆಚ್ಚು ಹೇಳಿಬಿಡುತ್ತದೆ ಕೂಡ. ಹುಳುಕು ಹಲ್ಲಿನ ಸೋಂಕು, ಈಚೆಗೆ ಕಿತ್ತ ಹಲ್ಲಿನ ಗುಳಿ, ಬರೀ ಊತ, ಇವೂ ಮಜ್ಜೆಯಲ್ಲಿ ಗಡ್ಡೆಯಂತೆಯೇ ಕಾಣುತ್ತವೆ. ಅದಕ್ಕೇ ಹುಣ್ಣಿನ ಪಕ್ಕದ ಹಲ್ಲು ಅಲುಗಾಡುತ್ತಿದೆಯೆಂದು ಕೀಳಿಸಬೇಡಿ. ಚಿತ್ರ ಕೆಡುವುದಷ್ಟೇ ಅಲ್ಲ, ಖಾಲಿ ಗುಳಿ ಗಡ್ಡೆಗೆ ಮೂಳೆಯೊಳಗಿನ ದಾರಿಯಾಗುತ್ತದೆ.

ಪ್ರಶ್ನೆ: ಆಪರೇಷನ್ ದವಡೆಗೆ, ಸ್ಕ್ಯಾನ್ ಕಾಲಿಗೆ! ಏಕೆ?
– ಓದುಗರೊಬ್ಬರು, ಬೀದರ್

ಉತ್ತರ: ದವಡೆಯ ತುಂಡು ತೆಗೆದ ಜಾಗಕ್ಕೆ ಮೊಣಕಾಲ ಕೆಳಗಿನ ಸಣ್ಣ ಮೂಳೆ ಫಿಬುಲಾವನ್ನು ರಕ್ತನಾಳದ ಸಮೇತ ತಂದು ಕೂರಿಸುತ್ತಾರೆ. ಮೊಣಕಾಲು, ಹಿಮ್ಮಡಿಗಂಟು ಅಲುಗದಂತೆ ಎರಡು ತುದಿಗಳಲ್ಲೂ 6ರಿಂದ 8 ಸೆಂ.ಮೀ. ಬಿಟ್ಟು ನಡುವಿನದನ್ನು ತೆಗೆಯುತ್ತಾರೆ. ಕೆಳಗಾಲಿನಲ್ಲಿ ಸಾಮಾನ್ಯವಾಗಿ ಮೂರು ರಕ್ತನಾಳಗಳಿವೆ. ಕೆಲವೇ ಮಂದಿಯಲ್ಲಿ ಪಾದಕ್ಕೆ ರಕ್ತ ಮುಖ್ಯವಾಗಿ ಫಿಬುಲಾ ಪಕ್ಕದ ನಾಳದಿಂದಲೇ ಹೋಗುತ್ತದೆ. ಅದನ್ನು ತೆಗೆದರೆ ಪಾದಕ್ಕೇ ಕುತ್ತು. ಬೀಡಿ ಸೇದುವವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ನಾಳ ಕಟ್ಟಿರಲೂಬಹುದು. ರಕ್ತನಾಳಗಳನ್ನು ತೋರಿಸುವ ಸ್ಕ್ಯಾನ್ ಆದ ಸಿಟಿ ಆಂಜಿಯೊ ನೋಡುವುದು ಇದನ್ನೇ.

ಪ್ರಶ್ನೆ: ಕಂಪ್ಯೂಟರ್ ಪ್ಲಾನ್, ತ್ರೀಡಿ ಪ್ರಿಂಟ್ ಎಂದರೆ ತಪ್ಪೇ ಆಗುವುದಿಲ್ಲವೇ?
– ಓದುಗರೊಬ್ಬರು, ಮಂಗಳೂರು

ಉತ್ತರ: ಸ್ಕ್ಯಾನಿನಿಂದ ಪ್ರಿಂಟ್ ಮಾಡಿದ ದವಡೆಯ ಮಾದರಿಯ ಮೇಲೆ, ಮೂಳೆಗಳನ್ನು ಜೋಡಿಸುವ ಟೈಟೇನಿಯಂ ಪ್ಲೇಟನ್ನು ಮೊದಲೇ ಬಗ್ಗಿಸಿಕೊಂಡರೆ ಸಮಯ ಉಳಿಯುತ್ತದೆ, ಹಲ್ಲಿನ ಕಚ್ಚು ಸರಿಹೋಗುತ್ತದೆ. ಗರಗಸ ಎಲ್ಲಿ ಹೋಗಬೇಕೆಂದು ತೋರಿಸುವ ಪ್ಲಾಸ್ಟಿಕ್ ಗೈಡಿನ ಕಥೆ ಬೇರೆ. ಅದು ಸ್ಕ್ಯಾನ್ ಮಾಡಿದ ದಿನದ ಗಡ್ಡೆಗೆ ಹೊಂದುವಂಥದ್ದು. ಆಪರೇಷನ್ ತಿಂಗಳುಗಟ್ಟಲೆ ಮುಂದೆ ಹೋದರೆ ಗಡ್ಡೆ ಬೆಳೆದು, ಗೈಡಿನ ಗೆರೆಯೇ ಅದರ ಮೇಲೆ ಬೀಳಬಹುದು. ಮೂಳೆಯಲ್ಲಿ ಗಡ್ಡೆಯಾಚೆ 1–2 ಸೆಂ.ಮೀ. ಚೆನ್ನಾದ ಮೂಳೆ ಸಿಗಬೇಕು. ಸಿಗದಿದ್ದರೆ ಗೈಡನ್ನು ಬದಿಗಿಟ್ಟು ಕೈಯಳತೆಯಲ್ಲೇ ಕೊಯ್ಯಬೇಕಾಗುತ್ತದೆ.

ಇನ್ನೊಂದು ತೊಡಕು: ಸಿಟಿ ಚಿತ್ರ ತೆಗೆಯುವುದು ಪದರ ಪದರವಾಗಿ. 3–5 ಮಿ.ಮೀ. ದಪ್ಪದ ಪದರಗಳ ಸ್ಕ್ಯಾನಿನಿಂದ ಪ್ರಿಂಟ್ ತೆಗೆದರೆ ಮಾದರಿ ಮೆಟ್ಟಿಲು ಮೆಟ್ಟಿಲಾಗಿ ಬಂದು ಗೈಡ್ ಮೂಳೆಗೆ ಕೂರುವುದಿಲ್ಲ. 1 ಮಿ.ಮೀ. ಅಥವಾ ಅದಕ್ಕಿಂತ ತೆಳು ಪದರ ಬೇಕು. ಆದ್ದರಿಂದ ಸ್ಕ್ಯಾನ್ ಸೆಂಟರಿನಿಂದ ಫಿಲ್ಮ್, ರಿಪೋರ್ಟ್ ಮಾತ್ರ ತಂದರೆ ಸಾಲದು. ತೆಳು ಪದರಗಳೆಲ್ಲ ಇರುವ ಡೈಕಾಮ್ (ಸ್ಕ್ಯಾನಿನ ಮೂಲ ಕಂಪ್ಯೂಟರ್ ಕಡತ) ಸಿ.ಡಿ.ಯನ್ನು ಅದೇ ದಿನ ಕೇಳಿ ಪಡೆಯಿರಿ. ಕೆಲವು ಕಡೆ ತೆಳು ಪದರಗಳನ್ನು ಕೆಲ ದಿನಗಳಲ್ಲೇ ಅಳಿಸಿಬಿಡುತ್ತಾರೆ.